ಓದಿ ಹೇಳಲು ತಂದ ಸೊಸೆ

ಅತ್ತೆಯವರಿಗೆ,

ನೀವು ಹೋದ ಮೇಲೆ ನಿಮ್ಮ ಜೊತೆ ಮಾತಾಡುತ್ತಿರುವುದು ಇದೇ ಮೊದಲು. ಇದ್ದಾಗಲೂ ಕೊನೆಯ ಎರಡು ವರ್ಷ ನಾವು ಆಡಿದ್ದು ಉಪ್ಪು, ಸೌದೆ, ಹಾಲಿನ ಮಾತು ಅಷ್ಟೇ. ಇವತ್ತು ಮಹಾಲಯ ಅಮಾವಾಸ್ಯೆ. ನಡುಮನೆಯಲ್ಲಿ ನಿಮಗೆ ಎಡೆ ಇಟ್ಟಿದೆ. ಮುದ್ದೆ, ಕೋಳಿ ಸಾರು, ಕಜ್ಜಾಯ, ಎಲೆ ಅಡಿಕೆ, ಪಕ್ಕದಲ್ಲಿ ನಿಮ್ಮ ಹಸಿರು ಸೀರೆ. ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿ ಎಲ್ಲರೂ ಜಗಲಿಯ ಮೇಲೆ ಕೂತಿದ್ದಾರೆ. ನಾನು ಹಿತ್ತಲ ಕೋಣೆಗೆ ಬಂದು ಕಾಗದ ಹಿಡಿದಿದ್ದೇನೆ. ನಿಮಗೆ ಓದಲು ಬರುತ್ತಿರಲಿಲ್ಲ ಎನ್ನುವುದನ್ನು ನಾನು ಮರೆತಿಲ್ಲ. ಅಲ್ಲಿಯೂ ಯಾರ ಕೈಯಲ್ಲಾದರೂ ಓದಿಸಿಕೊಳ್ಳಿ. ಅದು ನಿಮಗೆ ಹೊಸದಲ್ಲ.

ನೀವು ನನ್ನನ್ನು ನೋಡಲು ಬೆಂಗಳೂರು ಪೇಟೆಗೆ ಬಂದ ದಿನ ನೆನಪಿದೆಯೇ? ಯುದ್ಧ ಮುಗಿದ ಕಾಲ. ನಾನು ಹೈಸ್ಕೂಲಿನ ಕೊನೆಯ ಪರೀಕ್ಷೆ ಮುಗಿಸಿದ್ದೆ. ಮುಂದೆಯೂ ಓದಿಸಬೇಕೆಂದು ನಮ್ಮಪ್ಪ ಕಾಲೇಜಿನ ವಿಚಾರ ಕೇಳಿಕೊಂಡು ಬಂದಿದ್ದರು. ನಿಮ್ಮ ಜೊತೆ ಬಂದ ಹೆಂಗಸರು ನಡೆದು ತೋರಿಸು, ಜಡೆ ತೋರಿಸು ಎನ್ನುತ್ತಿದ್ದರು. ನೀವು ಮಾತ್ರ ವೀಳ್ಯದೆಲೆ ಸುತ್ತಿ ತಂದಿದ್ದ ಪತ್ರಿಕೆಯ ಹಾಳೆ ಬಿಡಿಸಿ, ತೇವವನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟಿರಿ. “ಓದಮ್ಮ, ಕೇಳಾಣ.” ಅದು ಕೂದಲೆಣ್ಣೆಯ ಜಾಹೀರಾತು. ನಾನು ಹುಬ್ಬು ಗಂಟಿಕ್ಕಿಕೊಂಡು ಅದನ್ನೇ ಕೊನೆಯವರೆಗೂ ಓದಿದೆ. “ಎಣ್ಣೆ ವಿಚಾರಾನೇ ಇಷ್ಟು ಚೆಂದಾಗಿ ಓದ್ತಾಳಲ್ಲ, ಕತೆ ಕೊಟ್ರೆ ಎಂಗೆ ಓದಾಳು!” ಎಂದು ಬಾಯಿ ತುಂಬ ನಕ್ಕಿರಿ. ನಮ್ಮಪ್ಪನೂ ನಕ್ಕರು. ಓದನ್ನು ಮೆಚ್ಚುವ ಮನೆ, ಇನ್ನೇನು ಬೇಕು ಎಂದರು. ಕಾಲೇಜಿನ ಮಾತು ಅಲ್ಲಿಗೆ ನಿಂತಿತು.

ಯಲಹಂಕದ ಈ ಮನೆಗೆ ಬಂದ ಮರುದಿನ ಬೆಳಗ್ಗೆಯೇ ನಾನು ಹೆದರಿದ್ದೆ. ಇನ್ನೂ ಮಬ್ಬುಗತ್ತಲು. ನೀವು ತಲೆಬಾಗಿಲ ಅಗುಳಿ ತೆಗೆಯುವ ಮೊದಲು ಚೌಕಟ್ಟಿನ ಮೇಲೆ ಅಂಗೈ ಊರಿ ಯಾರಿಗೋ ಹೇಳುತ್ತಿದ್ದಿರಿ: “ನಾನು ಚೆನ್ನಾಗಿವ್ನಿ. ನನ್ನ ಕೈಯಾಗೆ ಕಸುವು ಐತೆ. ನನ್ನ ಮಾತು ಬೀಳಾಕಿಲ್ಲ.” ಇಷ್ಟು ಹೇಳಿಯೇ ಬಾಗಿಲು ತೆಗೆದದ್ದು. ನಿಮ್ಮ ಮಗನನ್ನು ಕೇಳಿದೆ, “ನಿಮ್ಮಮ್ಮ ಬೆಳಗ್ಗೆ ಎದ್ದು ಯಾರ ಜೊತೆ ಮಾತಾಡ್ತಾರೆ?” ಎಂದು. “ತನ್ನ ಜೊತೇಲೇ. ನಾವ್ಯಾರೂ ಅಷ್ಟು ಹೊತ್ತಿಗೆ ಏಳಲ್ಲವಲ್ಲ” ಎಂದು ಇವರು ಮಗ್ಗುಲು ಬದಲಾಯಿಸಿದರು. ಕೆಲವು ದಿನ ಬಿಟ್ಟು ನಿಮ್ಮನ್ನೇ ಕೇಳಿದೆ. ದೇವರಿಗೆ ಹೇಳಿಕೊಂಡರೆ ಆಗದೇ ಅತ್ತೆ ಎಂದೆ. “ದೇವ್ರಿಗೆ ಏಳ್ಕಂಡ್ರೆ ಕೊಡು ಅಂತ ಕೇಳ್ದಂಗಾಯ್ತದೆ ಕಣಮ್ಮ. ನನಗೆ ನಾನೇ ಏಳ್ಕಂಡ್ರೆ ಐತೆ ಅಂದಂಗಾಯ್ತದೆ” ಎಂದಿರಿ. ಹೈಸ್ಕೂಲಿನಲ್ಲಿ ಯಾವ ಮಾಸ್ತರರೂ ನನಗೆ ಇಂಥ ಮಾತು ಹೇಳಿರಲಿಲ್ಲ. ಆ ಚಳಿಗಾಲ ಮುಗಿಯುವ ಹೊತ್ತಿಗೆ ನಾನೂ ಒಲೆ ಹಚ್ಚುವ ಮೊದಲು ಮನಸ್ಸಿನಲ್ಲೇ ಹೇಳಿಕೊಳ್ಳತೊಡಗಿದ್ದೆ. ನಾನು ಚೆನ್ನಾಗಿದ್ದೇನೆ. ನನ್ನ ಕೈಯಲ್ಲಿ ಕಸುವಿದೆ. ಮೂರನೆಯ ಮಾತು ಮಾತ್ರ ನನ್ನ ಬಾಯಿಗೆ ಬರುತ್ತಿರಲಿಲ್ಲ. ಈ ಮನೆಯಲ್ಲಿ ಬೀಳದ ಮಾತು ಒಂದೇ ಇತ್ತು, ಅದು ನಿಮ್ಮದು.

ದ್ರಾಕ್ಷಿಯ ಸುಗ್ಗಿಯಲ್ಲಿ ತೋಟದ ಚಪ್ಪರದ ಕೆಳಗೆ ಕಳೆದ ಮಧ್ಯಾಹ್ನಗಳನ್ನು ಏನೆಂದು ಬರೆಯಲಿ? ಮೇಲೆ ಕಪ್ಪು ಗೊಂಚಲು, ಕೆಳಗೆ ಚಾಪೆ. ನೀವೂ ಕೂಲಿಯ ನಂಜಮ್ಮನೂ ಕತ್ತರಿ ಹಿಡಿದು ಒಡೆದ ಹಣ್ಣನ್ನು ಬಿಡಿಸಿ, ಬುಟ್ಟಿಗೆ ಹುಲ್ಲು ಹಾಸಿ ಗೊಂಚಲು ಜೋಡಿಸುತ್ತಿದ್ದಿರಿ. ನಾನೂ ಕತ್ತರಿಗೆ ಕೈ ಹಾಕಿದರೆ ನೀವು ಕಿತ್ತುಕೊಳ್ಳುತ್ತಿದ್ದಿರಿ. “ನೀನು ಓದು. ನಿನ್ನ ಬುಟ್ಟೀನೂ ನಾನೇ ತುಂಬ್ತೀನಿ.” ಹಣ್ಣು ಹಾಕಲು ಮಾರುಕಟ್ಟೆಗೆ ಹೋದ ನಿಮ್ಮ ಮಗ ಬರುವಾಗ ಮಲ್ಲೇಶ್ವರದ ಬಾಡಿಗೆ ಪುಸ್ತಕದ ಅಂಗಡಿಯಿಂದ ಒಂದು ಕಾದಂಬರಿ ತರುತ್ತಿದ್ದರು. ಇಂಥದ್ದೇ ಎಂದು ಅವರಿಗೆ ತಿಳಿಯದು. “ದಪ್ಪಗಿರೋದು ಕೊಡ್ರೀ, ಮನೇಲಿ ಇಬ್ಬರಿದ್ದಾರೆ” ಎಂದು ಅಂಗಡಿಯವನಿಗೆ ಹೇಳಿ ತರುತ್ತಿದ್ದರಂತೆ.

ಒಂದು ಸಲ ಕಾದಂಬರಿಯ ಹುಡುಗಿ ಗಂಡ ಗದರಿದನೆಂದು ಊಟ ಬಿಟ್ಟು ಅಳುತ್ತಾ ಮಲಗಿದಳು. ನಾನು ಓದು ನಿಲ್ಲಿಸಿ ಸೆರಗಿನಿಂದ ಕಣ್ಣೊರೆಸಿಕೊಂಡೆ. ನೀವು ಕತ್ತರಿ ಕೆಳಗಿಟ್ಟು, “ಇವಳಿಗೆ ಬುದ್ಧಿ ಇಲ್ಲ” ಎಂದಿರಿ. “ಮೊದ್ಲು ಉಣ್ಬೇಕು, ಆಮೇಲೆ ಅಳ್ಬೇಕು. ಒಟ್ಟೆ ಕಾಲಿ ಇಟ್ಕಂಡು ಅತ್ರೆ ಅಳೂನೂ ಸರಿಯಾಗಿ ಬರಾಕಿಲ್ಲ.”

“ದುಃಖ ಆದಾಗ ಅನ್ನ ಸೇರುತ್ತಾ ಅತ್ತೆ?”

“ಸೇರಿಸ್ಬೇಕು. ನಿಮ್ಮಾವ ತೀರ್ಕಂಡ ದಿನ ನಾನು ಉಂಡಿಲ್ವಾ? ಮಗೂಗೆ ಹಾಲು ಕುಡಿಸೋರು ಯಾರು, ನಿನ್ನ ಪುಸ್ತಕ ಬರೆದೋನಾ?”

“ಬರೆದೋನೂ ಪಾಪ ಎಲ್ಲಿ ಉಂಡವ್ನೋ ಇಲ್ವೋ” ಎಂದಳು ನಂಜಮ್ಮ. ಮೂವರೂ ನಕ್ಕು ನಕ್ಕು, ಆ ದಿನ ಒಂದು ಬುಟ್ಟಿಯ ಹಣ್ಣು ಜಜ್ಜಿಹೋಯಿತು. ನೀವು ಬೈಯಲಿಲ್ಲ. ಆಮೇಲೂ ಮೂರು ದಿನ ಆ ಹುಡುಗಿಯ ಮೇಲೆ ನಮ್ಮ ಜಗಳ ನಡೆದೇ ಇತ್ತು. ಕಣದಲ್ಲಿ, ಬಾವಿ ಕಟ್ಟೆಯಲ್ಲಿ, ಸಾರಿಗೆ ಒಗ್ಗರಣೆ ಹಾಕುವಾಗ. ನಾನು ಅವಳ ಪರ, ನೀವು ಅವಳ ಅತ್ತೆಯ ಪರ. ಪುಸ್ತಕ ಓದುವುದಕ್ಕಿಂತ ಓದಿದ್ದರ ಮೇಲೆ ಮಾತಾಡುವುದು ದೊಡ್ಡ ಸುಖ ಎಂದು ನನಗೆ ತೋರಿಸಿದವರು ಅಕ್ಷರ ಬಾರದ ನೀವು. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಅಲ್ಲಗಳೆಯುವಂತಿದ್ದರೆ ನನ್ನ ಸಿಟ್ಟು ಇಷ್ಟು ದಿನ ಉಳಿಯುತ್ತಿರಲಿಲ್ಲ.

ನಾಡು ಒಂದಾದ ವರ್ಷ ರತ್ನಳನ್ನು ಶಾಲೆಗೆ ಸೇರಿಸಿದೆವು. ಮೊದಲ ದಿನ ಅವಳು ಬಾಗಿಲು ಹಿಡಿದುಕೊಂಡು ಅತ್ತಾಗ ನಾನು ಕೋಲು ಹುಡುಕುತ್ತಿದ್ದೆ. ನೀವು ನನ್ನನ್ನು ಪಕ್ಕಕ್ಕೆ ಸರಿಸಿ, ಮೊಮ್ಮಗಳ ಅಂಗೈಯನ್ನು ಚೌಕಟ್ಟಿನ ಮೇಲೆ ಇಡಿಸಿದಿರಿ. “ಏಳು: ನನಗೆ ಬತ್ತದೆ. ಬರ್ದಿದ್ರೆ ಕಲೀತೀನಿ.” ಮೂಗು ಸುರಿಸಿಕೊಂಡೇ ಅವಳು ಹೇಳಿದಳು. ಹೈಸ್ಕೂಲಿಗೆ ಬಂದಮೇಲೂ ದಿನಾ ಹೇಳಿಯೇ ಹೊಸ್ತಿಲು ದಾಟುತ್ತಿದ್ದಳು. ಸಂಜೆ ಬಂದು ಪಾಠದ ಪದ್ಯ ಓದಿದರೆ ನೀವು ಕಣ್ಣು ಮುಚ್ಚಿ ತಲೆದೂಗುತ್ತಿದ್ದಿರಿ. ಆಗ ನನಗೆ ಅನಿಸುತ್ತಿತ್ತು, ನನಗೆ ಸಿಗದ ಕಾಲೇಜು ಇವಳಿಗೆ ಸಿಗುತ್ತದೆ, ಅತ್ತೆಯೇ ಮುಂದೆ ನಿಂತು ಕಳಿಸುತ್ತಾರೆ ಎಂದು. ಎಷ್ಟು ನಂಬಿದ್ದೆ…

ರತ್ನ ಎಸ್ಸೆಸ್ಸೆಲ್ಸಿಯಲ್ಲಿದ್ದ ವರ್ಷದ ಆ ಭಾನುವಾರ ನೀವು ಬೆಳಗ್ಗೆಯೇ ಪಾಯಸ ಮಾಡಲು ಹೇಳಿದಿರಿ. ಯಾಕೆಂದು ಹೇಳಲಿಲ್ಲ. ಹತ್ತು ಗಂಟೆಗೆ ಹುಣಸಮಾರನಹಳ್ಳಿಯಿಂದ ನಿಮ್ಮ ತಮ್ಮ ಚಿಕ್ಕಣ್ಣ ಮಾವ ಗಾಡಿ ಕಟ್ಟಿಕೊಂಡು ಬಂದರು. ಜೊತೆಗೆ ಅವರ ಮಗ, ಸೊಸೆ ಗೌರಮ್ಮ. ತೆಂಗಿನಕಾಯಿ, ಹೂವು, ವೀಳ್ಯ ಇಟ್ಟ ತಟ್ಟೆ ನಡುಮನೆಯಲ್ಲಿ ಕೂತಿತು. ಆಗ ನನಗೆ ತಿಳಿಯಿತು. ರತ್ನ ಹುಟ್ಟಿದ ದಿನವೇ, ನಾನಿನ್ನೂ ಬಾಣಂತಿ ಕೋಣೆಯಲ್ಲಿದ್ದಾಗ, ಈ ಕೂಸು ನಿನ್ನ ಮೊಮ್ಮಗನಿಗೆ ಎಂದು ನೀವು ತಮ್ಮನಿಗೆ ಮಾತು ಕೊಟ್ಟಿದ್ದಿರಿ. ನಿಮಗೆ ಹೆಣ್ಣುಮಕ್ಕಳಿರಲಿಲ್ಲ. ತವರಿಗೆ ಈ ಮನೆಯಿಂದ ಒಂದು ಹೆಣ್ಣು ಹೋಗಲಿಲ್ಲ ಎನ್ನುವ ಕೊರಗು ನಿಮಗಿತ್ತು. ಇರಲಿ. ಆದರೆ ಹೆತ್ತವಳಿಗೆ ಒಂದು ಮಾತು ಹೇಳಬೇಕೆಂದು ಹದಿನಾರು ವರ್ಷದಲ್ಲಿ ಒಂದು ದಿನವೂ ಅನಿಸಲಿಲ್ಲವೇ? ಅಷ್ಟೊಂದು ಮಧ್ಯಾಹ್ನ ಚಪ್ಪರದ ಕೆಳಗೆ ಕೂತು, ಕಾದಂಬರಿಯ ಹೆಣ್ಣುಗಳ ಮದುವೆಗೆಲ್ಲ ತಕರಾರು ತೆಗೆಯುತ್ತಿದ್ದಿರಲ್ಲ, ಆಗಲೂ?

ನಾನು ನಿಮ್ಮನ್ನು ಅಡುಗೆಮನೆಗೆ ಕರೆದು ಕೇಳಿದೆ. “ಅತ್ತೆ, ರತ್ನಳ ಪರೀಕ್ಷೆ ಮುಂದಿನ ತಿಂಗಳು. ಅವಳು ಓದ್ತಿದ್ದಾಳೆ.”

“ಓದವ್ಳೆ, ಸಾಕು. ಅಲ್ಲಿ ನನ್ನ ತಮ್ಮನ ಎಂಡ್ತಿಗೆ ಕಣ್ಣು ಮಂಜು. ಕೂತ್ಕಂಡು ಓದಿ ಏಳ್ತಾಳೆ.”

“ಓದಿ ಹೇಳೋಕೆ ನನ್ನ ಮಗಳು ಬೇಕಾ?”

“ನಿನ್ನ ತಂದಿದ್ದೂ ಅದಕ್ಕೇ ಅಲ್ವಾ? ನಿನಗೇನು ಕಮ್ಮಿ ಆಗೈತೆ ಇಲ್ಲಿ?”

ಅತ್ತೆ, ಈ ಮಾತನ್ನು ನೀವು ಬೇಕೆಂದು ಚುಚ್ಚಲು ಆಡಲಿಲ್ಲ. ಸಹಜವಾಗಿ ಆಡಿದಿರಿ. ಅದೇ ನನ್ನನ್ನು ಇವತ್ತಿಗೂ ಸುಡುವುದು. ಎತ್ತು ಕೊಳ್ಳುವವರು ಹಲ್ಲು ಎಣಿಸುತ್ತಾರೆ, ನೀವು ನನ್ನ ಓದು ನೋಡಿದಿರಿ. ನನ್ನನ್ನು ಮೆಚ್ಚಿದ್ದೀರಿ ಎಂದು ಇಷ್ಟು ವರ್ಷ ಬೀಗಿಕೊಂಡಿದ್ದೆ. ನಿಮಗೆ ಓದಿದ ಸೊಸೆ ಬೇಕಿತ್ತು. ಅವಳು ಇನ್ನೂ ಓದಬಹುದಾಗಿತ್ತು ಎನ್ನುವುದು ನಿಮ್ಮ ಲೆಕ್ಕಕ್ಕೇ ಬಂದಿರಲಿಲ್ಲ. ಮೊಮ್ಮಗಳ ವಿಷಯದಲ್ಲೂ ಅಷ್ಟೇ. ಸೊಸೆ ಓದಿಕೊಂಡು ಬರಬೇಕು, ಮಗಳು ಓದು ಬಿಟ್ಟು ಹೋಗಬೇಕು. ಇದು ಯಾವ ಊರಿನ ನ್ಯಾಯ?

ನಡುಮನೆಗೆ ಬಂದಾಗ ರತ್ನ ಬಾಗಿಲ ಹತ್ತಿರ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕಣ್ಣು ತಗ್ಗಿಸಲಿಲ್ಲ. “ಅಜ್ಜಿ, ನನಗೆ ಬರುತ್ತೆ, ಬರದಿದ್ರೆ ಕಲೀತೀನಿ ಅಂತ ದಿನಾ ಹೇಳ್ಕೊ ಅಂದೋಳು ನೀನೇ. ಎಲ್ಲಿವರೆಗೆ ಅಂತ ಹೇಳಿರ್ಲಿಲ್ಲ.”

“ನಾನು ಏಳ್ಕೊಟ್ಟಿದ್ದು ಧೈರ್ಯಕ್ಕೆ ಕಣೆ. ಎದುರುತ್ತರಕ್ಕಲ್ಲ.”

“ಇದೇ ನನ್ನ ಧೈರ್ಯ, ಅಜ್ಜಿ.”

ಚಿಕ್ಕಣ್ಣ ಮಾವ ತಟ್ಟೆಯನ್ನು ನನ್ನ ಕಡೆಗೆ ಚಾಚಿದರು. ಹೆಣ್ಣಿನ ತಾಯಿ ಎರಡು ಕೈಯಲ್ಲಿ ತಟ್ಟೆ ಹಿಡಿದರೆ ಮಾತು ಮುಗಿದಂತೆ. ನಾನು ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ನಿಂತೆ. ನಿಮ್ಮ ಮಗ ಗೋಡೆಯ ಕ್ಯಾಲೆಂಡರನ್ನು ಮೊದಲ ಸಲ ನೋಡುವವರಂತೆ ನೋಡುತ್ತಿದ್ದರು. ನೀವು ನನ್ನ ಹೆಸರು ಹಿಡಿದು ಕರೆದಿರಿ, “ಕಮಲ, ತಟ್ಟೆ ಇಸ್ಕೊ.” ನಾನು ಕೈ ತೆಗೆಯಲಿಲ್ಲ. ಮಾವನ ತೋಳು ಸೋತು ತಟ್ಟೆ ಕೆಳಗಿಳಿಯಿತು. ಎದ್ದು ರುಮಾಲು ಕೊಡವಿದರು. “ಅಕ್ಕಯ್ಯ, ನಿನ್ನ ಮಾತು ಈ ಮನ್ಯಾಗೆ ನಡ್ಯಾಕಿಲ್ಲ ಅಂತ ಮೊದ್ಲೇ ಏಳಿ ಕಳ್ಸಿದ್ರೆ ನಮ್ಮ ಎತ್ತುಗಳಾದ್ರೂ ನೆಳ್ಳಾಗೆ ಇರ್ತಿದ್ವು” ಎಂದರು. ಪಾಯಸ ಹಾಗೆಯೇ ಉಳಿಯಿತು. ಸಂಜೆ ಅದನ್ನು ಹಸುವಿಗೆ ಹಾಕಿದಿರಿ. ನಾನು ನೋಡಿದೆ.

ಮರುದಿನ ಮಧ್ಯಾಹ್ನ ನಾನು ಪುಸ್ತಕ ಹಿಡಿದು ಚಪ್ಪರದ ಕೆಳಗೆ ಬಂದೆ. ಸುಗ್ಗಿಯ ದಿನ, ಓದಬೇಕಾದ ಕತೆ ಅರ್ಧಕ್ಕೆ ನಿಂತಿತ್ತು. ಹಿಟ್ಟಿನ ಗಿರಣಿ ನಡೆಸುವ ಒಂಟಿ ಹೆಂಗಸಿನ ಕತೆ. ಗಿರಣಿ ಮಾರಿಬಿಡು ಎಂದು ಮೈದುನ ಕಾಡುತ್ತಿದ್ದ. ಮಾರುತ್ತಾಳೆ ಎಂದು ನೀವು, ಮಾರುವುದಿಲ್ಲ ಎಂದು ನಾನು ಹಿಂದಿನ ವಾರವೆಲ್ಲ ವಾದ ಮಾಡಿದ್ದೆವು. ನೀವು ತಲೆಯೆತ್ತದೆ, ನಂಜಮ್ಮನ ಮುಂದೆಯೇ, ನನಗೊಂದು ಕತ್ತರಿ ಚಾಚಿದಿರಿ. ನಾನು ಪುಸ್ತಕವನ್ನು ಬುಟ್ಟಿಯ ಹಿಂದೆ ಇಟ್ಟು ಕತ್ತರಿ ತೆಗೆದುಕೊಂಡೆ. ಆ ದಿನದಿಂದ ನನ್ನ ಬುಟ್ಟಿ ನಾನೇ ತುಂಬಿದೆ. ಮುಂದಿನ ಸಲ ಮಾರುಕಟ್ಟೆಗೆ ಹೊರಟಾಗ ನಿಮ್ಮ ಮಗ ಪುಸ್ತಕವನ್ನು ಹಿಂದಕ್ಕೆ ಕೊಟ್ಟು ಬಂದರು. ಬೇರೆ ತರಲಿಲ್ಲ. “ನಿಮ್ಮಿಬ್ಬರ ಮಧ್ಯೆ ನನ್ನ ಸಿಕ್ಕಿಸಬೇಡಿ” ಎಂದರು. ಇಬ್ಬರು ಹೆಂಗಸರ ಮೌನವನ್ನು ಹೊತ್ತುಕೊಂಡು ಹೋಗಿ ಅಂಗಡಿಗೆ ಒಪ್ಪಿಸಿದ್ದರಲ್ಲ, ಅದಕ್ಕಿಂತ ಸಿಕ್ಕಿಬೀಳುವುದು ಬೇರೆ ಉಂಟೇ?

ಬೆಳಗಿನ ಹೊತ್ತು ನಾನು ಒಲೆಯ ಮುಂದೆ ಕೂತು ಕಿವಿ ಕೊಟ್ಟಿರುತ್ತಿದ್ದೆ. ನೀವು ಚೌಕಟ್ಟಿಗೆ ಕೈ ಊರುತ್ತಿದ್ದಿರಿ. “ನಾನು ಚೆನ್ನಾಗಿವ್ನಿ. ನನ್ನ ಕೈಯಾಗೆ ಕಸುವು ಐತೆ.” ಅಲ್ಲಿಗೆ ಅಗುಳಿಯ ಸದ್ದು. ಮೂರನೆಯ ಮಾತನ್ನು ನೀವು ಬಿಟ್ಟಿದ್ದಿರಿ. ನಿಮ್ಮ ತಮ್ಮ ಗೌರಿಹಬ್ಬಕ್ಕೆ ತವರಿನ ಸೀರೆ ಕಳಿಸಲಿಲ್ಲ. ಹಬ್ಬದ ದಿನ ನೀವು ಹೊಸ ಸೀರೆ ಉಡಲಿಲ್ಲ. ಮಧ್ಯಾಹ್ನದವರೆಗೆ ತವರಿಗೆ ಹೋಗುವ ಬಳ್ಳಾರಿ ರಸ್ತೆಯ ಕಡೆಗೇ ಮುಖ ಮಾಡಿ ಜಗಲಿಯಲ್ಲಿ ಕೂತಿದ್ದಿರಿ. ನನಗೆ ಸಂಕಟವಾಗಲಿಲ್ಲ ಎಂದುಕೊಂಡಿರಾ? ಆಯಿತು. ಆದರೆ ನನ್ನ ಮಗಳನ್ನು ಕೊಟ್ಟು ನಿಮ್ಮ ತವರಿನ ಸೀರೆ ತರಿಸುವಷ್ಟು ಅಲ್ಲ. ಇವತ್ತೂ ಆ ತಟ್ಟೆ ನನ್ನ ಮುಂದೆ ಬಂದರೆ ನನ್ನ ಕೈ ಸೆರಗಿನೊಳಗೇ ಇರುತ್ತದೆ.

ಕೊನೆಯ ಕಾಯಿಲೆಯಲ್ಲಿ ಹಾಸಿಗೆ ಹಿಡಿದಾಗ ನಾನು ನಿಮ್ಮ ಮೈ ಒರೆಸಿದೆ, ಗಂಜಿ ಕುಡಿಸಿದೆ. ಅದರಲ್ಲಿ ಕುಂದು ಹುಡುಕಲು ನಿಮ್ಮಿಂದಲೂ ಆಗದು. ಒಂದು ಮಧ್ಯಾಹ್ನ ರತ್ನ ಹಿತ್ತಲಿಗೆ ಬಂದು ಕೇಳಿದಳು, “ಅಮ್ಮ, ಗಿರಣಿ ಮಾರಿದ್ಲಾ ಅಂತ ಅಜ್ಜಿ ಕೇಳ್ತಿದಾಳೆ. ಯಾವ ಗಿರಣಿ?” ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟೆ. ಎರಡು ವರ್ಷ ಆ ಹೆಂಗಸು ನಿಮ್ಮ ತಲೆಯಲ್ಲೂ ಇದ್ದಳು! ಒಂದು ಗೋಡೆಯ ಆಚೆ ನಾನಿದ್ದೆ. ಕಮಲ ಎಂದು ಕೂಗಿದ್ದರೆ ಸಾಕಿತ್ತು. ನೀವು ಮೊಮ್ಮಗಳ ಕೈಯಲ್ಲಿ ಹೇಳಿ ಕಳಿಸಿದಿರಿ. ನೀವು ಕೇಳುವವರಲ್ಲ, ನಾನು ಕೇಳದೆ ಹೇಳುವವಳಲ್ಲ. “ಗೊತ್ತಿಲ್ಲ ಅಂತ ಹೇಳು” ಎಂದೆ. ಅದು ನಿಜ. ನಿಮ್ಮ ಜೊತೆ ಜಗಳವಾಡಲು ಆಗದ ಕತೆಯನ್ನು ಒಬ್ಬಳೇ ಓದಿ ಮುಗಿಸುವ ಆಸೆ ನನಗಿರಲಿಲ್ಲ.

ನೀವು ಹೋದ ದಿನ ಚಿಕ್ಕಣ್ಣ ಮಾವ ತವರಿನ ಸೀರೆ ಹಿಡಿದು ಬಂದರು. ನಿಮಗೆ ಹೊದಿಸಿದರು. ಮಗುವಿನಂತೆ ಅತ್ತರು. ಆದರೂ ನಮ್ಮ ಮನೆಯ ನೀರು ಮುಟ್ಟದೆ ನಡೆದು ಹೋದರು. ತಿಥಿಗೆ ಸೇರಿದ ನೆಂಟರೆಲ್ಲ ನಿಮ್ಮನ್ನು ಗಟ್ಟಿಗಿತ್ತಿ, ತೋಟ ಕಟ್ಟಿದವಳು ಎಂದು ಹೊಗಳಿದರು. ಒಬ್ಬರಾದರೂ ನೀವು ಕತೆ ಕೇಳುವಾಗ ಹೇಗೆ ಕತ್ತರಿ ಕೆಳಗಿಡುತ್ತಿದ್ದಿರಿ ಎಂದು ಹೇಳಲಿಲ್ಲ. ಹೇಳಲು ಅವರು ಕಂಡಿದ್ದರೆ ತಾನೇ? ಕಂಡಿದ್ದವಳು ನಾನು. ನಾನು ಬಾಯಿ ಬಿಡಲಿಲ್ಲ.

ಈಗ ನಿಮಗೆ ತಿಳಿಯದ ಸಮಾಚಾರ ಹೇಳುತ್ತೇನೆ. ರತ್ನ ಟ್ರೈನಿಂಗ್ ಮುಗಿಸಿದಳು. ಯಶವಂತಪುರದ ಒಂದು ಶಾಲೆಯಲ್ಲಿ ಟೀಚರು. ಬೆಳಗ್ಗೆ ರೈಲಿಗೆ ಹೋಗಿ ಸಂಜೆ ಬರುತ್ತಾಳೆ. ಅವಳ ಮದುವೆಯ ಮಾತನ್ನು ಅವಳೇ ತೆಗೆಯುವವರೆಗೆ ನಾನು ತೆಗೆಯುವುದಿಲ್ಲ. ಇದು ನಿಮಗೆ ಸೇರುವುದಿಲ್ಲ, ಗೊತ್ತು. ಇನ್ನೊಂದಿದೆ.

ಜೂನ್ ತಿಂಗಳ ಮೊದಲ ವಾರ, ಶಾಲೆ ತೆರೆಯುವ ಹೊತ್ತಿಗೆ, ಹುಣಸಮಾರನಹಳ್ಳಿಯ ಗೌರಮ್ಮ ಬಸ್ಸಿನಲ್ಲಿ ಬಂದಳು. ಜೊತೆಗೆ ಮಗಳು ಮಂಜುಳ. ರತ್ನಳನ್ನು ಯಾರಿಗೆ ಕೇಳಲು ಬಂದಿದ್ದರೋ ಆ ಹುಡುಗನ ಕೊನೆಯ ತಂಗಿ. ಎರಡು ಜಡೆ, ಕೈಯಲ್ಲಿ ತಗಡಿನ ಪೆಟ್ಟಿಗೆ. ಗೌರಮ್ಮ ಕೂರಲೂ ಇಲ್ಲ. “ಅಕ್ಕ, ನಮ್ಮೂರಾಗೆ ಹೈಸ್ಕೂಲಿಲ್ಲ. ಇವಳು ಓದ್ತೀನಿ ಅಂತ ಹಠ ಹಿಡಿದವ್ಳೆ. ನಿಮ್ಮನೇಲಿ ಇಟ್ಕಂಡು ಓದಿಸ್ತೀರಾ?”

“ಮಾವನಿಗೆ ಗೊತ್ತಾ?”

“ಹೇಳಿದೆ.”

“ಏನಂದ್ರು?”

“ಬೈದ್ರು. ಆ ಮನೆ ಹೊಸ್ತಿಲು ತುಳೀಬೇಡ ಅಂದ್ರು. ಆಮೇಲೆ ಪೆಟ್ಟಿಗೆ ಬಾರ ಐತೆ ಅಂತ ಬಸ್ ಸ್ಟಾಪಿನವರೆಗೂ ಅವರೇ ಹೊತ್ಕಂಡು ಬಂದ್ರು.”

ನಾನು ಪೆಟ್ಟಿಗೆ ತೆಗೆದುಕೊಂಡು ಒಳಗಿಟ್ಟೆ. ಆ ಸಂಜೆ ಗೌರಮ್ಮ ನಮ್ಮ ಮನೆಯ ನೀರು ಕುಡಿದು, ಊಟ ಮಾಡಿ ಹೋದಳು. ಮಂಜುಳಳಿಗೆ ಇಲ್ಲಿಗೆ ಬಂದ ಮೊದಲ ವಾರ ಹೆದರಿಕೆ ಇತ್ತು. ಊಟವಾದ ಮೇಲೆ ನನ್ನ ಹತ್ತಿರ ಬಂದು, ಪಾಠದ ಪುಸ್ತಕ ಹಿಡಿದು, “ಅತ್ತೆ, ನಿಮಗೆ ಓದಿ ಹೇಳ್ಬೇಕಾ?” ಎಂದು ಕೇಳಿದಳು. ಅವರ ಮನೆಯಲ್ಲಿ ಯಾರೋ ಹೇಳಿ ಕಳಿಸಿರಬೇಕು, ಅಲ್ಲಿ ಹಾಗೆ ಮಾಡಬೇಕು ಎಂದು.

ಬೇಡ ಎಂದೆ. ದೀಪವನ್ನು ಅವಳ ಕಡೆಗೆ ಸರಿಸಿ, ನಿನ್ನ ಪಾಠ ನೀನು ಓದಿಕೊ ಎಂದೆ.

ಅತ್ತೆ, ಈ ಮನೆಯ ಹೆಣ್ಣು ನಿಮ್ಮ ತವರಿಗೆ ಹೋಗುತ್ತದೆ ಎಂದು ನೀವು ಮಾತು ಕೊಟ್ಟಿದ್ದಿರಿ. ನಿಮ್ಮ ತವರಿನ ಹೆಣ್ಣು ಈ ಮನೆಗೆ ಬಂದಿದೆ. ಅವಳು ಎಷ್ಟು ಓದುತ್ತಾಳೋ ಅಷ್ಟೂ ಓದುತ್ತಾಳೆ. ಇದು ನಾನು ಕೊಡುವ ಮಾತು. ಅವಳು ಇಲ್ಲಿಗೆ ಯಾರಿಗೂ ಓದಿ ಹೇಳುವುದಕ್ಕೆ ಬಂದಿಲ್ಲ. ಓದುವುದಕ್ಕೆ ಬಂದಿದ್ದಾಳೆ.

ನಿಮ್ಮ ಸೊಸೆ,
ಕಮಲಮ್ಮ